ಕ್ವೇಸಾರ್ ಬೆಳಗಿದರೆ ಅದರ ಲೈನ್ ಹೆಚ್ಚುತ್ತಾ, ಕುಗ್ಗುತ್ತಾ?

ಪ್ರಶ್ನೆ: ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಕ್ವೇಸಾರ್ ಹೆಚ್ಚು ಬೆಳಗಿದರೆ ಅದರ ಎಮಿಷನ್ ಲೈನ್‌ಗಳೂ ಹೆಚ್ಚು ಬೆಳಗುತ್ತವೆ ಅಂತ ಒಂದು ಕಡೆ ಓದಿದೆ. ಬೆಳಗಿದಷ್ಟೂ ಲೈನ್ ದುರ್ಬಲವಾಗುತ್ತದೆ, ಅದಕ್ಕೆ ಬಾಲ್ಡ್‌ವಿನ್ ಎಫೆಕ್ಟ್ ಅಂತ ಹೆಸರು ಅಂತ ಇನ್ನೊಂದು ಕಡೆ ಇದೆ. ಲೆಕ್ಚರರ್ ಹತ್ತಿರ ಕೇಳಿದರೆ ಎರಡೂ ಸರಿ ಅಂದರು. ಅದು ಹೇಗೆ?
– ವಿದ್ಯಾರ್ಥಿನಿ, ಬಸವನಗುಡಿ

ಉತ್ತರ: ನಿಮ್ಮ ಲೆಕ್ಚರರ್ ಹೇಳಿದ್ದು ನಿಜ. ಎರಡು ಕಡೆ ಅಳೆದದ್ದು ಎರಡು ಬೇರೆ ವಿಷಯ, ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು ಬೆಳಕು ಎಲ್ಲಿಂದ ಬರುತ್ತೆ ನೋಡೋಣ. ಕ್ವೇಸಾರ್ ಅಂದರೆ ದೂರದ ಗ್ಯಾಲಕ್ಸಿಯೊಂದರ ತುಂಬಾ ಹೊಳೆಯುವ ಕೇಂದ್ರ. ಅದರ ನಡುವೆ ಸೂರ್ಯನ ಕೋಟಿಗಟ್ಟಲೆ ಪಟ್ಟು ತೂಕದ ಕಪ್ಪು ಕುಳಿ ಇದೆ. ಕುಳಿಯೊಳಕ್ಕೆ ಸುತ್ತುತ್ತಾ ಇಳಿಯುವ ಅನಿಲ ತಟ್ಟೆಯಂತೆ ಹರಡಿ, ಕಾದು ಹೊಳೆಯುತ್ತದೆ. ರೋಹಿತದ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯ, ಉದ್ದಕ್ಕೂ ಹಾಸಿಕೊಂಡಿರುವ ಬೆಳಕು, ಅಂದರೆ ಕಂಟಿನ್ಯುಯಂ, ಬಹುಪಾಲು ಇಲ್ಲಿಂದ ಬಂದದ್ದು. ಆ ತಟ್ಟೆಯಿಂದ ಆಚೆ, ಬೆಳಕು ತಲುಪೋಕೇ ದಿನಗಳು ಅಥವಾ ತಿಂಗಳುಗಳು ಹಿಡಿಯುವಷ್ಟು ದೂರದಲ್ಲಿ, ಇನ್ನಷ್ಟು ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುತ್ತದೆ. ತಟ್ಟೆಯ ಅತಿನೇರಳೆ ಬೆಳಕು ಬಿದ್ದಾಗ ಈ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್ ಕಳಚುತ್ತದೆ. ಅದು ಮತ್ತೆ ಸೇರಿಕೊಂಡಾಗ, ಇಲ್ಲವೇ ಅಯಾನುಗಳಿಗೆ ಡಿಕ್ಕಿ ಹೊಡೆದಾಗ, ನಿಗದಿತ ಬಣ್ಣಗಳಲ್ಲಿ ಬೆಳಕು ಹೊರಬರುತ್ತದೆ. ಅದೇ ಲೈನ್. ಹಾಗಾಗಿ ಕಂಟಿನ್ಯುಯಂ ಹೆಚ್ಚಿದರೆ ಲೈನ್ ಬೆಳಕೂ ಸಾಮಾನ್ಯವಾಗಿ ಹೆಚ್ಚುತ್ತದೆ. ನೀವು ಮೊದಲು ಓದಿದ್ದು ಇದು.

ಈಗ ಬಾಲ್ಡ್‌ವಿನ್. ಜ್ಯಾಕ್ ಬಾಲ್ಡ್‌ವಿನ್ 1977ರಲ್ಲಿ ತೋರಿಸಿದ್ದು ಲೈನ್‌ನ ಈಕ್ವಿವಲೆಂಟ್ ವಿಡ್ತ್ ಬಗ್ಗೆ. ಲೈನ್‌ನಲ್ಲಿರುವ ಒಟ್ಟು ಬೆಳಕನ್ನು ಅದರ ಅಡಿಯಲ್ಲಿರುವ ಕಂಟಿನ್ಯುಯಂ ಮಟ್ಟದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಸುಮ್ನೆ ಒಂದು ಲೆಕ್ಕ ಮಾಡಿ ನೋಡಿ. ಬೆಳಕಿನ ತರಂಗದ ಉದ್ದ ಅಳೆಯುವ ಮಾನ ಆಂಗ್‌ಸ್ಟ್ರಾಂ. ಕಂಟಿನ್ಯುಯಂ ಪ್ರತಿ ಆಂಗ್‌ಸ್ಟ್ರಾಂಗೆ 10 ಇದೆ, ಲೈನ್‌ನಲ್ಲಿ ಒಟ್ಟು 1000 ಇದೆ ಅಂದುಕೊಳ್ಳಿ. ಭಾಗಿಸಿದರೆ 100 ಆಂಗ್‌ಸ್ಟ್ರಾಂ. ಕಂಟಿನ್ಯುಯಂ ದುಪ್ಪಟ್ಟಾಗಿ 20ಕ್ಕೆ ಹೋಯಿತು, ಲೈನ್ ಮಾತ್ರ 1500ಕ್ಕೆ ಏರಿ ನಿಂತಿತು. ಈಗ 75 ಆಂಗ್‌ಸ್ಟ್ರಾಂ. ಲೈನ್ ಬೆಳಕು ಒಂದೂವರೆ ಪಟ್ಟಾಗಿದೆ, ಆದರೂ ಈಕ್ವಿವಲೆಂಟ್ ವಿಡ್ತ್ ಇಳಿದಿದೆ. ಸಂಬಳ ದುಪ್ಪಟ್ಟಾಗಿ ಉಳಿತಾಯ ಒಂದೂವರೆ ಪಟ್ಟಾದರೆ, ಉಳಿತಾಯ ಹೆಚ್ಚಿದ್ದೂ ನಿಜ, ಸಂಬಳದಲ್ಲಿ ಅದರ ಪಾಲು ತಗ್ಗಿದ್ದೂ ನಿಜ ಅಲ್ವಾ? ಅಷ್ಟೇ ವಿಷಯ. ‘ಲೈನ್ ದುರ್ಬಲವಾಗುತ್ತದೆ’ ಅಂತ ಎಲ್ಲಾದರೂ ಕಂಡರೆ, ಅಳೆದದ್ದು ಒಟ್ಟು ಬೆಳಕನ್ನೋ ಈ ಅನುಪಾತವನ್ನೋ ಅಂತ ಮೊದಲು ನೋಡಿ.

ಇನ್ನೂ ಒಂದು ಎಚ್ಚರ ಬೇಕು. ಬಾಲ್ಡ್‌ವಿನ್ ಹೋಲಿಸಿದ್ದು ಬೇರೆ ಬೇರೆ ಕ್ವೇಸಾರ್‌ಗಳನ್ನು, ಮುಖ್ಯವಾಗಿ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್‌ನ 1549 ಆಂಗ್‌ಸ್ಟ್ರಾಂ ಲೈನ್‌ನಲ್ಲಿ. ಒಂದೇ ಕ್ವೇಸಾರ್ ಕಾಲ ಕಳೆದಂತೆ ಏರಿಳಿದಾಗ ಕಾಣುವ ಬಾಲ್ಡ್‌ವಿನ್ ಎಫೆಕ್ಟ್ ಬೇರೆ, ಅದರ ಇಳಿಜಾರು ಸಾಮಾನ್ಯವಾಗಿ ಹೆಚ್ಚು ಕಡಿದು. ಪರೀಕ್ಷೆಯಲ್ಲಿ ಇವೆರಡನ್ನು ಒಂದೇ ಅಂತ ಬರೆಯಬೇಡಿ.

ಲೈನ್ ಯಾಕೆ ಪೂರ್ತಿ ಜೊತೆಗೆ ಏರಲ್ಲ? ಹತ್ತಿರದ ಅನಿಲದಲ್ಲಿ ಹೈಡ್ರೋಜನ್ ಆಗಲೇ ಬಹುಪಾಲು ಎಲೆಕ್ಟ್ರಾನ್ ಕಳೆದುಕೊಂಡು ಕೂತಿರುತ್ತದೆ. ಅಂಥ ತೆಳು ಮೋಡಕ್ಕೆ ಇನ್ನಷ್ಟು ಬೆಳಕು ಸುರಿದರೆ ಅದು ಆರಪಾರ ಹಾದುಹೋಗುತ್ತದೆ, ಲೈನ್‌ಗೆ ಕೂಡುವುದು ಕಡಿಮೆ. ದೂರದ ಅನಿಲ ಮಾತ್ರ ಚೆನ್ನಾಗಿ ಸ್ಪಂದಿಸುತ್ತದೆ. ಲೈನ್‌ನಿಂದ ಲೈನ್‌ಗೂ ವ್ಯತ್ಯಾಸ ಇದೆ. ಅಯಾನಾದ ಹೀಲಿಯಂನಿಂದ ಎರಡನೇ ಎಲೆಕ್ಟ್ರಾನ್ ಕೀಳೋಕೆ 54.4 ಎಲೆಕ್ಟ್ರಾನ್ ವೋಲ್ಟ್ ಬೇಕು, ಹೈಡ್ರೋಜನ್‌ಗೆ 13.6 ಸಾಕು. ಹಾಗಾಗಿ ಆ ಹೀಲಿಯಂ ಲೈನ್ ಒಳಗಡೆ ಹುಟ್ಟುತ್ತದೆ, ಬೇಗ ಮತ್ತು ಜೋರಾಗಿ ಬದಲಾಗುತ್ತದೆ. ಮೆಗ್ನೀಷಿಯಂನ 2798 ಆಂಗ್‌ಸ್ಟ್ರಾಂ ಲೈನ್ ಬದಲಾಗುವುದು ಕಡಿಮೆ, ನಿಧಾನವೂ ಹೌದು.

‘ಬೇಗ’, ‘ನಿಧಾನ’ ಅಂದೆನಲ್ಲ, ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಅದೇ. ಕಂಟಿನ್ಯುಯಂ ಇವತ್ತು ಏರಿದರೆ ಲೈನ್ ಇವತ್ತೇ ಏರಲ್ಲ, ಬೆಳಕು ಆ ಅನಿಲದವರೆಗೆ ಹೋಗಬೇಕಲ್ಲ! ಆ ತಡವನ್ನು ಅಳೆದರೆ ದೂರ ಗೊತ್ತಾಗುತ್ತದೆ. ಇದಕ್ಕೆ ರೆವರ್ಬರೇಷನ್ ಮ್ಯಾಪಿಂಗ್ ಅಂತ ಹೆಸರು. ಬ್ಲ್ಯಾಂಡ್‌ಫರ್ಡ್ ಮತ್ತು ಮಕ್ಕೀ 1982ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಎನ್‌ಜಿಸಿ 5548 ಅನ್ನುವ ಗ್ಯಾಲಕ್ಸಿಯ ನಡುವೆ ಕ್ವೇಸಾರ್‌ನ ಸಣ್ಣ ತಮ್ಮನಂಥ ಕೇಂದ್ರವಿದೆ, ನಮ್ಮಿಂದ ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರ. 1988–89ರಲ್ಲಿ ಅದನ್ನು ತಿಂಗಳುಗಟ್ಟಲೆ ಬಿಡದೆ ನೋಡಿದಾಗ ಹೈಡ್ರೋಜನ್ ಬೀಟಾ ಅನ್ನುವ ಹೈಡ್ರೋಜನ್‌ನ ಒಂದು ಲೈನ್ ಸುಮಾರು 20 ದಿನ ತಡವಾಗಿ ಹಿಂಬಾಲಿಸುತ್ತಿತ್ತು, ಹೀಲಿಯಂ ಕೆಲವೇ ದಿನ. ಅದೇ ಕೇಂದ್ರ ಮಂದವಾಗಿದ್ದ 2005ರಲ್ಲಿ ಹೈಡ್ರೋಜನ್ ಬೀಟಾದ ತಡ ಸುಮಾರು ಒಂದು ವಾರಕ್ಕೆ ಇಳಿದಿತ್ತು. ಬೆಳಕು ಕಡಿಮೆಯಾದಾಗ ಸ್ಪಂದಿಸುವ ಅನಿಲದ ವಲಯ ಒಳಕ್ಕೆ ಸರಿಯುತ್ತದೆ, ಒಳಗಿನ ಅನಿಲದ ವೇಗ ಜಾಸ್ತಿ, ಆದ್ದರಿಂದ ಲೈನ್ ರೋಹಿತದಲ್ಲಿ ಹರಡಿ ಅಗಲವಾಗುತ್ತದೆ (ಈ ಅಗಲ ಬೇರೆ, ಈಕ್ವಿವಲೆಂಟ್ ವಿಡ್ತ್ ಬೇರೆ). ಬೆಳಕು ಹೆಚ್ಚಿದಾಗ ಇದರ ತಿರುಗುಮುರುಗು. ಅನಿಲದ ದೂರ ಗೊತ್ತು, ಲೈನ್‌ನ ಅಗಲದಿಂದ ವೇಗ ಗೊತ್ತು. ಕಪ್ಪು ಕುಳಿಯ ತೂಕ ಹಾಕೋಕೆ ಇಷ್ಟು ಸಾಕು. ಯಾವ ಒಂಟಿ ದೂರದರ್ಶಕದಲ್ಲೂ ಬರೀ ಚುಕ್ಕೆಯಾಗಿ ಕಾಣುವ ಜಾಗವನ್ನು ಕ್ಯಾಲೆಂಡರ್ ಹಿಡಿದು ಅಳೆಯುವುದು ಅಂದರೆ ಎಂಥ ಚಂದದ ಉಪಾಯ ನೋಡಿ!

ನಿಮ್ಮ ಪ್ರಶ್ನೆಗೆ ಈ ತಡ ಇನ್ನೊಂದು ರೀತಿಯಲ್ಲೂ ಮುಖ್ಯ. ಕಂಟಿನ್ಯುಯಂ ಈಗಷ್ಟೇ ಏರಿದೆ, ಲೈನ್‌ಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಆ ದಿನದ ರೋಹಿತದಲ್ಲಿ ಈಕ್ವಿವಲೆಂಟ್ ವಿಡ್ತ್ ಇಳಿದಂತೆ ಕಾಣುತ್ತದೆ. ತಡವನ್ನು ಸರಿಹೊಂದಿಸದೆ ಗ್ರಾಫ್ ಹಾಕಿದರೆ ಬಾಲ್ಡ್‌ವಿನ್ ಎಫೆಕ್ಟ್‌ನ ಅಳತೆ ಕೆಡುತ್ತದೆ.

ಪ್ರಶ್ನೆ: ಈ ಲೈನ್‌ಗಳು ಕೆಲವೊಮ್ಮೆ ಮಾಯವೇ ಆಗುತ್ತವಂತೆ, ನಿಜವಾ?
– ಓದುಗರು, ವಿಜಯನಗರ

ಉತ್ತರ: ನಿಜ. ಮಾರ್ಕೇರಿಯನ್ 590 ಅನ್ನುವ ಗ್ಯಾಲಕ್ಸಿಯ ಕೇಂದ್ರ ಕೆಲವು ದಶಕಗಳಲ್ಲಿ ನೂರು ಪಟ್ಟಿಗೂ ಹೆಚ್ಚು ಮಂಕಾಯಿತು, ಅದರ ಅಗಲವಾದ ಹೈಡ್ರೋಜನ್ ಬೀಟಾ ಲೈನ್ 2013ರ ಹೊತ್ತಿಗೆ ಕಾಣದೇ ಹೋಯಿತು. ಆಮೇಲೆ ಅಗಲ ಲೈನ್‌ಗಳು ಮರಳಿ ಬಂದವು. ಇಂಥ ಹೊತ್ತಿನಲ್ಲೂ ಆಮ್ಲಜನಕದ 5007 ಆಂಗ್‌ಸ್ಟ್ರಾಂ ಕಿರಿದಾದ ಲೈನ್ ಬೇಗ ಅಲುಗಾಡಲ್ಲ. ಅದು ಹುಟ್ಟುವ ಅನಿಲ ಬಹಳ ದೂರ ಹರಡಿಕೊಂಡಿದೆ, ಕೇಂದ್ರದ ಏರಿಳಿತದ ಸುದ್ದಿ ಅಲ್ಲಿಗೆ ಮುಟ್ಟಿ ಲೈನ್ ಬದಲಾಗೋಕೆ ವರ್ಷಗಳು, ದಶಕಗಳು ಬೇಕು. ಇವತ್ತಿನ ರಾತ್ರಿಯನ್ನೂ ಹೋದ ತಿಂಗಳ ರಾತ್ರಿಯನ್ನೂ ಹೋಲಿಸೋಕೆ ವೀಕ್ಷಕರು ಆ ಲೈನನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ.

ಬೆಳಕನ್ನು ಲೈನ್ ಹಿಂಬಾಲಿಸದ ಸಂದರ್ಭವೂ ಇದೆ. 2014ರಲ್ಲಿ ಹಬಲ್ ದೂರದರ್ಶಕ ಅದೇ ಎನ್‌ಜಿಸಿ 5548ನ್ನು ಹೆಚ್ಚುಕಮ್ಮಿ ಪ್ರತಿದಿನ ನೋಡುತ್ತಿದ್ದಾಗ, ಸುಮಾರು ಎರಡು ತಿಂಗಳು ಲೈನ್‌ಗಳು ಕಂಟಿನ್ಯುಯಂ ಜೊತೆಗಿನ ನಂಟನ್ನೇ ಬಿಟ್ಟವು, ಆಮೇಲೆ ಮತ್ತೆ ಹಿಂಬಾಲಿಸಿದವು. ತಟ್ಟೆಯಿಂದ ಎದ್ದ ಅನಿಲದ ಗಾಳಿ ನಡುವೆ ಬಂದು ಬೆಳಕಿಗೆ ಅಡ್ಡವಾಯಿತು ಅನ್ನುವುದು ಒಂದು ವಿವರಣೆ. ಅಂದರೆ ನಾವು ನೋಡುವ ಕಂಟಿನ್ಯುಯಂ ಮತ್ತು ಆ ಅನಿಲದ ಮೇಲೆ ಬೀಳುವ ಕಂಟಿನ್ಯುಯಂ ಯಾವಾಗಲೂ ಒಂದೇ ಆಗಿರಬೇಕಿಲ್ಲ.

ಪ್ರಶ್ನೆ: ನನ್ನ ಹತ್ತಿರ 8 ಇಂಚಿನ ದೂರದರ್ಶಕ ಇದೆ. ಬೆಂಗಳೂರಿನಿಂದ ಇದನ್ನೆಲ್ಲ ನೋಡಬಹುದಾ?
– ಹವ್ಯಾಸಿ, ಯಲಹಂಕ

ಉತ್ತರ: 3ಸಿ 273 ಪ್ರಯತ್ನಿಸಿ. ಕನ್ಯಾ ರಾಶಿಯಲ್ಲಿದೆ, ಪ್ರಕಾಶದ ಅಂಕ (ಮ್ಯಾಗ್ನಿಟ್ಯೂಡ್) 13ರ ಆಸುಪಾಸು, ಏಪ್ರಿಲ್–ಮೇ ರಾತ್ರಿಗಳಲ್ಲಿ ಮೇಲೆ ಬಂದಿರುತ್ತದೆ. 1963ರಲ್ಲಿ ಮಾರ್ಟೆನ್ ಸ್ಮಿಟ್ ರೋಹಿತ ಬಿಡಿಸಿ ದೂರ ಕಂಡುಹಿಡಿದ ಕ್ವೇಸಾರ್ ಇದೇ. ಊರೊಳಗಿನ ಬೆಳಕಿನಲ್ಲಿ ಕಣ್ಣಿಗೆ ಸಿಗೋದು ಕಷ್ಟ, ಊರಿಂದ ದೂರ ಕತ್ತಲಿರುವ ಕಡೆ ಹೋಗಿ, ಒಳ್ಳೆ ನಕ್ಷೆ ಇಟ್ಟುಕೊಳ್ಳಿ. ಕ್ಯಾಮೆರಾಗೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸರಳ ಗ್ರೇಟಿಂಗ್ ಹಾಕಿ ಇದರ ರೋಹಿತ ಹಿಡಿದ ಹವ್ಯಾಸಿಗಳಿದ್ದಾರೆ. ರೆಡ್‌ಶಿಫ್ಟ್, ಅಂದರೆ ಬೆಳಕು ಕೆಂಪಿನ ಕಡೆ ಸರಿದ ಪ್ರಮಾಣ, 0.158 ಇರುವುದರಿಂದ ಹೈಡ್ರೋಜನ್ ಬೀಟಾ 4861 ಆಂಗ್‌ಸ್ಟ್ರಾಂನಲ್ಲಿ ಹುಡುಕಬೇಡಿ, 5630ರ ಹತ್ತಿರ ನೋಡಿ. ಹೈಡ್ರೋಜನ್ ಆಲ್ಫಾ 7600ಕ್ಕೆ ಸರಿದು ನಮ್ಮದೇ ವಾತಾವರಣದ ಆಮ್ಲಜನಕ ಬೆಳಕು ಹೀರುವ ಪಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಅಳತೆಗೆ ಬೀಟಾ ವಾಸಿ.

ಆದರೆ ಲೈನ್ ಹಿಂಬಾಲಿಸುವುದನ್ನು ಇದರಲ್ಲಿ ಒಂದು ಸೀಸನ್‌ನಲ್ಲಿ ನೋಡಿಬಿಡೋಣ ಅಂದುಕೊಳ್ಳಬೇಡಿ. ಇದರ ಅನಿಲದ ವಲಯ ಸುಮಾರು 145 ದಿನ ಬೆಳಕು ಸಾಗುವಷ್ಟು ದೂರದಲ್ಲಿದೆ ಅಂತ 2018ರಲ್ಲಿ ಚಿಲಿಯ ನಾಲ್ಕು ದೊಡ್ಡ ದೂರದರ್ಶಕಗಳ ಬೆಳಕು ಕೂಡಿಸಿ ಅಳೆದಿದ್ದಾರೆ. ವರ್ಷಗಳ ಅಳತೆ ಬೇಕು. ನೀವು ಕ್ಯಾಮೆರಾದಲ್ಲಿ ಬರೀ ಪ್ರಕಾಶವನ್ನು ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ದಾಖಲಿಸುತ್ತಾ ಹೋಗಿ, ಕಂಟಿನ್ಯುಯಂ ಕಡೆಯ ಲೆಕ್ಕ ಅದರಿಂದಲೇ ಸಿಗುತ್ತದೆ. ಅಂದಹಾಗೆ ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ನಿಮ್ಮ ಯಲಹಂಕದಿಂದ ಅಷ್ಟೇನೂ ದೂರವಿಲ್ಲದ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಭಾರತೀಯ ಖಭೌತ ಸಂಸ್ಥೆಯವರು ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಹೋಗಿ, ನಿಮ್ಮ ಅಳತೆಗಳ ಪಟ್ಟಿ ಜೊತೆಗಿರಲಿ.