ಅವಳು ಹತ್ತು ತಿಂಗಳಿಗೇ ನಡೆದಳು, ಇವನು ಇನ್ನೂ ಇಲ್ಲ

ಪ್ರಶ್ನೆ: ಮಗನಿಗೆ 14 ತಿಂಗಳು. ಗೋಡೆ ಹಿಡಿದು ಓಡಾಡುತ್ತಾನೆ, ಕೈಬಿಟ್ಟರೆ ಕೂತುಬಿಡುತ್ತಾನೆ. ವಾರಗಿತ್ತಿಯ ಮಗಳು 10 ತಿಂಗಳಿಗೇ ನಡೆದಳು. ಹುತ್ತರಿ ಹಬ್ಬಕ್ಕೆ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದಾಗ ಎಲ್ಲರ ಬಾಯಲ್ಲೂ ಅದೇ ಮಾತು. ಈಗ ನಾನೂ ದಿನವಿಡೀ ಇಬ್ಬರನ್ನೂ ತೂಗಿ ನೋಡುತ್ತಿದ್ದೇನೆ. ವಾಕರ್ ತರಲೇ?
– ಓದುಗರು, ವಿರಾಜಪೇಟೆ

ಉತ್ತರ: ವಾಕರ್ ಬೇಡ. ಅದರೊಳಗೆ ಮಗು ಕಾಲ್ಬೆರಳ ತುದಿಯಲ್ಲಿ ತಳ್ಳಿಕೊಂಡು ಹೋಗುತ್ತದೆ. ಮೈಭಾರ ಹೊತ್ತು ಸಮತೋಲ ಕಾಯುವುದನ್ನು ಕಲಿಯುವುದಿಲ್ಲ. ಜಗಲಿ ಮೆಟ್ಟಿಲಿರುವ ಮನೆಯಲ್ಲಿ ಉರುಳುವ ಭಯ ಬೇರೆ. ಕೆನಡಾ 2004ರಲ್ಲೇ ಇದರ ಮಾರಾಟ ನಿಷೇಧಿಸಿದೆ.

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ ಕೊಟ್ಟ ಲೆಕ್ಕದಲ್ಲಿ, ಆಧಾರವಿಲ್ಲದೆ ನಡೆಯಲು ಶುರುಮಾಡುವ ಅವಧಿ 8.2ರಿಂದ 17.6 ತಿಂಗಳು. ಹತ್ತೂ ಅದರೊಳಗೆ, ಹದಿನಾಲ್ಕೂ ಅದರೊಳಗೆ. ಮಗ ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ ಅಷ್ಟು ವಾರ ಕಳೆದು ವಯಸ್ಸು ಎಣಿಸಿ. ಬೇಗ ನಡೆದವರೇ ಮುಂದೆ ಹಾಕಿ ಆಟದ ಮೈದಾನದಲ್ಲಿ ಮುಂದಿರುತ್ತಾರೆಂದೇನೂ ಇಲ್ಲ!

ತೂಗಿ ನೋಡುವ ಚಟ ಬಿಡುವುದಕ್ಕೆ ತಾಯಿ ಕಾರ್ಡಿನ ತೂಕದ ನಕ್ಷೆಯನ್ನೇ ನೋಡಿ. ಅಲ್ಲಿ ಒಂಟಿ ಚುಕ್ಕೆಯಿಂದ ಏನೂ ತಿಳಿಯುವುದಿಲ್ಲ, ಅದೇ ಮಗುವಿನ ಗೆರೆ ಹೇಗೆ ಏರುತ್ತಿದೆ ಎಂಬುದೇ ಮುಖ್ಯ. ನಡಿಗೆಗೂ ಹಾಗೇ ಮಾಡಿ. ಪ್ರತಿ ತಿಂಗಳು ಒಂದೇ ತಾರೀಕಿನಂದು ಪುಸ್ತಕದಲ್ಲಿ ನಾಲ್ಕು ಸಾಲು: 'ಎರಡು ಕೈ ಹಿಡಿದು ಮೂರು ಹೆಜ್ಜೆ', 'ಒಂದೇ ಕೈ ಹಿಡಿದು ನಿಂತ'. ವಾರಗಿತ್ತಿಯ ಮಗಳ ಹೆಸರು ಆ ಪುಸ್ತಕದೊಳಗೆ ಬರಬಾರದು. ನೆಂಟರು ಕೇಳಿದರೆ ಈ ತಿಂಗಳ ಸಾಲನ್ನೇ ಹೇಳಿ, ಮಾತು ಅಲ್ಲಿಗೆ ನಿಲ್ಲಲಿ. 'ಇವನು ನಿಧಾನ' ಎಂಬ ಮಾತಿಗೆ ಮಾತ್ರ ನೀವು ಹೂಂಗುಟ್ಟಬೇಡಿ.

ನಮ್ಮ ಚಳಿ–ಮಳೆಗೆ ಹೆದರಿ ಉಣ್ಣೆ ಕಾಲುಚೀಲ, ಮೂರು ಪದರ ಬಟ್ಟೆ ಹಾಕುವುದೂ ಅಡ್ಡಿಯೇ. ನುಣುಪು ನೆಲದಲ್ಲಿ ಕಾಲು ಜಾರುತ್ತದೆ, ಒಮ್ಮೆ ಬಿದ್ದ ಮಗು ಮತ್ತೆ ಕೈಬಿಡಲು ಹೆದರುತ್ತದೆ. ಬಿಸಿಲು ಬಂದಾಗ, ಬೆಚ್ಚನೆಯ ಕೋಣೆಯಲ್ಲಿ ಬರಿಗಾಲಲ್ಲಿ ಬಿಡಿ. ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ ನಡೆಸಬೇಡಿ, ಮೈ ಮುಂದಕ್ಕೆ ವಾಲುತ್ತದೆ. ಸೊಂಟದ ಬಳಿ ಹಿಡಿಯಿರಿ. ಬೆಂಚಿನಿಂದ ಒಂದೂವರೆ ಹೆಜ್ಜೆ ದೂರದ ಸ್ಟೂಲಿನ ಮೇಲೆ ಅವನ ಇಷ್ಟದ ಆಟಿಕೆ ಇಡಿ.

18 ತಿಂಗಳಾದರೂ ನಡೆಯದಿದ್ದರೆ, ಸದಾ ಒಂದೇ ಕಾಲು ಎಳೆಯುತ್ತಿದ್ದರೆ, ಬರುತ್ತಿದ್ದದ್ದು ಮರೆತುಹೋದರೆ ವೈದ್ಯರಿಗೆ ತೋರಿಸಿ. ಈ ಕೊನೆಯದಕ್ಕೆ ವಯಸ್ಸಿನ ಲೆಕ್ಕವೇ ಇಲ್ಲ, ಕಾಯಲೂಬಾರದು.

ಪ್ರಶ್ನೆ: ಮಗಳಿಗೆ ಎರಡು ವರ್ಷ. ಪಕ್ಕದ ಮನೆ ಹುಡುಗ ಪಟಪಟ ಮಾತಾಡುತ್ತಾನೆ. ನಮ್ಮಲ್ಲಿ ಕೊಡವ ತಕ್ಕ್, ಕನ್ನಡ ಎರಡೂ ನಡೆಯುತ್ತವೆ. ಒಂದನ್ನು ಬಿಡಲೇ?
– ಓದುಗರು, ಗೋಣಿಕೊಪ್ಪ

ಉತ್ತರ: ಬಿಡಬೇಡಿ, ಎರಡು ಭಾಷೆಯಿಂದ ಮಾತು ಕೆಡುವುದಿಲ್ಲ. ಎರಡರಲ್ಲೂ ಆಡುವ ಪದಗಳನ್ನು ಕೂಡಿಸಿ ಎಣಿಸಿ. ಕನ್ನಡದ್ದನ್ನಷ್ಟೇ ಎಣಿಸಿದರೆ ಅರ್ಧ ಮಗುವನ್ನು ಅಳೆದಂತೆ. ಎರಡು ಪದ ಜೋಡಿಸಿ 'ಅಮ್ಮ ಬಾ' ಎನ್ನುತ್ತಾಳೆಯೇ? ಇಲ್ಲವೆಂದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣೆಗೆಂದು ವರ್ಷಕ್ಕೆರಡು ಸಲ ಬರುವ ಬಾಲ ಸ್ವಾಸ್ಥ್ಯ ವೈದ್ಯರ ತಂಡಕ್ಕೂ ಹೇಳಬಹುದು, ಆದರೆ ಅವರು ಬರುವವರೆಗೆ ಕಾಯುತ್ತ ಕೂರಬೇಡಿ.