ಜೆನೆಟ್ ರೆಕಾರ್ಡ್ಸ್‌ ಪಟ್ಟಿಯಲ್ಲಿ ಜಾಸ್, ಬ್ಲೂಸ್, ಹಳ್ಳಿ ಹಾಡು, ಭಾಷಣ ಎಲ್ಲವೂ ಹೇಗೆ ಬಂದವು?

ಮುಖ್ಯ ಕಾರಣ ದುಡ್ಡು. ಅಮೆರಿಕದ ಇಂಡಿಯಾನಾದ ರಿಚ್ಮಂಡ್‌ನಲ್ಲಿದ್ದ ಸ್ಟಾರ್ ಪಿಯಾನೋ ಕಂಪನಿಯ ಧ್ವನಿಮುದ್ರಣ ಶಾಖೆ ಜೆನೆಟ್. ದೊಡ್ಡ ತಾರೆಯರು ದೊಡ್ಡ ಕಂಪನಿಗಳ ಒಪ್ಪಂದದಲ್ಲಿದ್ದರು. ಹಾಗಾಗಿ ಉಳಿದವರು ಕಡೆಗಣಿಸಿದ್ದವರಿಗೆ ಇಲ್ಲಿ ಬಾಗಿಲು ತೆರೆಯಿತು. ಜಾಸ್ ತಂಡಗಳಿದ್ದ ಷಿಕಾಗೋದಿಂದ ರೈಲಿನಲ್ಲಿ ಬರುವಷ್ಟೇ ದೂರ. 1923ರ ಏಪ್ರಿಲ್‌ನಲ್ಲಿ ಕಿಂಗ್ ಆಲಿವರ್ ಎಂಬವರ ಜಾಸ್ ತಂಡ ಬಂತು. ಆ ತಂಡದಲ್ಲಿದ್ದ, ಮುಂದೆ ಜಾಸ್‌ನ ದೊಡ್ಡ ಹೆಸರಾದ ಲೂಯಿ ಆರ್ಮ್‌ಸ್ಟ್ರಾಂಗ್‌ನ ಮೊದಲ ಧ್ವನಿಮುದ್ರಣ ಅದೇ. ಅದೇ ವರ್ಷ ಜುಲೈನಲ್ಲಿ ಕಪ್ಪು ಪಿಯಾನೋ ವಾದಕ ಜೆಲ್ಲಿ ರೋಲ್ ಮಾರ್ಟನ್ ಬಿಳಿಯರ ನ್ಯೂ ಆರ್ಲಿಯನ್ಸ್ ರಿದಮ್ ಕಿಂಗ್ಸ್ ತಂಡದ ಜೊತೆ ನುಡಿಸಿದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆದರೆ ಹಣ ಕೊಟ್ಟವರಿಗೆಲ್ಲ ಹಾಡಿನ ತಟ್ಟೆ (ರೆಕಾರ್ಡ್) ಒತ್ತಿಕೊಡುತ್ತಿದ್ದರಿಂದ, ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಸಂಘಟನೆ ಕೂ ಕ್ಲಕ್ಸ್ ಕ್ಲಾನ್‌ನ ಹಾಡುಗಳೂ ಇದೇ ಕಾರ್ಖಾನೆಯಿಂದ ಹೊರಬಿದ್ದವು. ಈ ಕಳಂಕವನ್ನು ಮರೆಮಾಚಬಾರದು.

ಆಗ ಧ್ವನಿಮುದ್ರಣಕ್ಕೆ ಮೈಕ್ ಬಳಸುತ್ತಿರಲಿಲ್ಲ. ಎಲ್ಲರೂ ದೊಡ್ಡ ಕೊಳವೆಯೊಂದರತ್ತ ನುಡಿಸಬೇಕು. ಧ್ವನಿಯ ಒತ್ತಡವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯುತ್ತದೆ. ಡ್ರಮ್ ಜೋರಾಗಿ ಬಡಿದರೆ ಸೂಜಿ ಜಿಗಿದು ತಟ್ಟೆ ಹಾಳಾಗುತ್ತಿತ್ತು. ಅದಕ್ಕೇ ಆಲಿವರ್ ತಂಡದ ಬೇಬಿ ಡಾಡ್ಸ್ ದೊಡ್ಡ ಡ್ರಮ್ ಬಿಟ್ಟು ಮರದ ತುಂಡು ಬಾರಿಸಿದರು; ಕೇಳುವಾಗ ಆ ಟಕಟಕ ಸದ್ದನ್ನು ಹಿಡಿಯಿರಿ. ಮೇಣ ಗಟ್ಟಿಯಾಗದಂತೆ ಕೋಣೆಯನ್ನು ಬಿಸಿಯಾಗಿಡಬೇಕಿತ್ತು. ಸ್ಟುಡಿಯೋ ಪಕ್ಕದಲ್ಲೇ ರೈಲುಹಳಿ, ಗಾಡಿ ಬಂದರೆ ಕೆಲಸ ನಿಲ್ಲುತ್ತಿತ್ತು.

ಈ ಹಳೆಯ ತಟ್ಟೆಗಳನ್ನು ಹುಡುಕುವವರು ಜೆನೆಟ್‌ನದೇ ಚಾಂಪಿಯನ್ ಎಂಬ ಅಗ್ಗದ ಲೇಬಲ್ಲನ್ನೂ ನೋಡಿ: ಅದೇ ಮುದ್ರಣಗಳು ಎಷ್ಟೋ ಸಲ ಕಲಾವಿದರ ಹೆಸರು ಬದಲಾಗಿ ಅಲ್ಲಿ ಸಿಗುತ್ತವೆ.