ಇಬ್ಬರೇ ಇರುವ ಮಾರ್ಕೆಟಿಂಗ್ ತಂಡಕ್ಕೆ ಇನ್‌ಸ್ಟಾಗ್ರಾಂ ಜತೆಗೆ ಪಿಂಟರೆಸ್ಟ್ ಕೂಡ ಬೇಕಾ?

ಇಬ್ಬರೇ ಇರುವ ನಿಮ್ಮ ತಂಡ ಇನ್‌ಸ್ಟಾಗ್ರಾಂ ಜತೆಗೆ ಪಿಂಟರೆಸ್ಟ್ (ಚಿತ್ರ ಹುಡುಕಿ ಸೇವ್ ಮಾಡಿಕೊಳ್ಳುವ ತಾಣ) ಕೂಡ ನಡೆಸಬೇಕಾ ಅಂತ ಕೇಳಿದ್ದೀರಿ. "ಆರು ವಾರ ನೋಡ್ತೀವಿ, ಫಾಲೋವರ್ ಬರಲಿಲ್ಲ ಅಂದ್ರೆ ಬಿಟ್ಟುಬಿಡ್ತೀವಿ" ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಆ ಸಾಲು ನಾನೇ ಬರೆದ ಹಾಗಿದೆ. ನಾನು ಇಟ್ಟುಕೊಂಡಿದ್ದ ಗಡುವೂ ಆರೇ ವಾರ.

ಗೋಡೆ ಶೆಲ್ಫ್ ಮಾರುವ ಒಂದು ಆನ್‌ಲೈನ್ ಅಂಗಡಿಯ ಕೆಲಸ ಅದು. 'ಸಣ್ಣ ಕೋಣೆಗೆ ಶೆಲ್ಫ್' ಅಂತ ಒಂದು ಕ್ಯಾಂಪೇನ್ ಪೇಜ್ ಮಾಡಿ, ಜನರನ್ನು ಅದಕ್ಕೆ ಕರೆತರಲು ಪಿಂಟರೆಸ್ಟಿನಲ್ಲಿ 24 ಪಿನ್, ಅಂದರೆ ಲಿಂಕ್ ಕಟ್ಟಿದ ಚಿತ್ರ, ಹಾಕಿದ್ದೆ. ಆರು ವಾರ ಕಳೆದರೂ ಫಾಲೋವರ್ ಎರಡಂಕಿ ದಾಟಲಿಲ್ಲ, ಕಾಮೆಂಟ್ ಒಂದೂ ಬರಲಿಲ್ಲ. ಖಾತೆಯನ್ನು ಹಾಗೇ ಬಿಟ್ಟೆ. ಬಿಟ್ಟಿದ್ದು ದೊಡ್ಡ ತಪ್ಪಲ್ಲ. ಕ್ಯಾಂಪೇನ್ ಮುಗಿಯಿತು ಅಂತ ಆ ಪೇಜನ್ನೂ ಅಳಿಸಿ, ಹಳೇ ವಿಳಾಸಕ್ಕೆ ಬಂದವರನ್ನು ಬೇರೆ ಪೇಜಿಗೆ ಕಳಿಸುವ ರೀಡೈರೆಕ್ಟ್ ಹಾಕದೆ ಎದ್ದು ಹೋದೆನಲ್ಲ, ತಪ್ಪು ಅದು.

ಇದನ್ನು ಸ್ವಲ್ಪ ಎಳೆದೇ ಹೇಳಬೇಕು. ಇನ್‌ಸ್ಟಾಗ್ರಾಂ ಪೋಸ್ಟಿನ ಆಯಸ್ಸು ಕಡಿಮೆ. ಒಂದೆರಡು ದಿನ ಫೀಡಿನಲ್ಲಿ ಓಡಾಡಿ ಮಲಗುತ್ತದೆ. ಕ್ಯಾಪ್ಷನ್‌ನಲ್ಲಿ ವಿಳಾಸ ಬರೆದರೂ ಒತ್ತಿದರೆ ತೆರೆದುಕೊಳ್ಳುವುದಿಲ್ಲ. ಹಾಗಾಗಿ ಹಳೇ ಪೋಸ್ಟಿನ ಪೇಜ್ ತೆಗೆದರೆ ಕೇಳುವವರಿಲ್ಲ. ಪಿನ್ ಅಂದರೆ ಒಂದು ಚಿತ್ರ, ಅದರ ಬೆನ್ನಿಗೆ ಕಟ್ಟಿದ ಒಂದು ವಿಳಾಸ. ಯಾರೋ ಅದನ್ನು 'ಹೊಸ ಮನೆ' ಅನ್ನುವ ತಮ್ಮ ಬೋರ್ಡಿಗೆ (ಪಿನ್ ಕೂಡಿಡುವ ಜಾಗ) ಸೇವ್ ಮಾಡಿಕೊಂಡರೆ ಚಿತ್ರದ ಜತೆ ವಿಳಾಸವೂ ಹೋಗುತ್ತದೆ. ಅವರ ಬೋರ್ಡಿನಿಂದ ಇನ್ನೊಬ್ಬರ ಬೋರ್ಡಿಗೆ. ನೀವು ನಿಮ್ಮ ಪಿನ್ ಅಳಿಸಿದರೂ ಅವರು ಸೇವ್ ಮಾಡಿಕೊಂಡದ್ದು ಉಳಿದೇ ಇರುತ್ತದೆ. ಸೇವ್ ಮಾಡಿದವರು ಅವತ್ತೇ ಕೊಳ್ಳುವವರೂ ಅಲ್ಲ. ಮನೆಯ ಕೆಲಸ ಮುಗಿದು, ಗೋಡೆಗೆ ಬಣ್ಣ ಹೊಡೆದು, ಇನ್ನು ಶೆಲ್ಫ್ ತರೋಣ ಅಂದಾಗ ಬೋರ್ಡ್ ತೆಗೆದು ಒತ್ತುತ್ತಾರೆ. ಸರಿಯಾಗಿ ಆ ಹೊತ್ತಿಗೆ ನಮ್ಮ ಸೈಟು ಅವರಿಗೆ 404, ಅಂದರೆ 'ಪೇಜ್ ಇಲ್ಲ' ಅಂತ ತೋರಿಸುತ್ತಿತ್ತು.

ಐದು ತಿಂಗಳಾದ ಮೇಲೆ, ಬೇರೇನೋ ಹುಡುಕುತ್ತಾ ಸರ್ವರ್ ಲಾಗ್ (ಸೈಟಿಗೆ ಬಂದ ಪ್ರತಿ ಭೇಟಿಯ ದಾಖಲೆ) ತೆರೆದಾಗ ಕಣ್ಣಿಗೆ ಬಿತ್ತು: 404 ಸಾಲುಗಳಲ್ಲಿ ಅದೇ ವಿಳಾಸ ಮತ್ತೆ ಮತ್ತೆ, ಎಲ್ಲಿಂದ ಬಂದರು ಅನ್ನುವ ರೆಫರರ್ ಜಾಗದಲ್ಲಿ ಪಿಂಟರೆಸ್ಟ್. ಭೇಟಿಗಳ ಲೆಕ್ಕ ಇಡುವ ಅನಲಿಟಿಕ್ಸ್‌ನಲ್ಲಿ ಯಾಕೆ ಕಾಣಲಿಲ್ಲ ಅಂದರೆ, 404 ಪೇಜಿನ ಟೆಂಪ್ಲೇಟಿನಲ್ಲಿ ಅನಲಿಟಿಕ್ಸ್ ಟ್ಯಾಗ್ ಇರಲೇ ಇಲ್ಲ. ಇದು ಬಹಳ ಸೈಟುಗಳಲ್ಲಿರುವ ತೂತು, ನಿಮ್ಮದನ್ನೂ ನೋಡಿಕೊಳ್ಳಿ. ಗಾಬರಿಯಲ್ಲಿ ಹಳೇ ವಿಳಾಸವನ್ನು ಹೋಮ್ ಪೇಜಿಗೆ ತಿರುಗಿಸಿದೆ. ಅದೂ ಕೆಲಸಕ್ಕೆ ಬರಲಿಲ್ಲ. ಮೂಲೆ ಶೆಲ್ಫಿನ ಚಿತ್ರ ಒತ್ತಿದವರಿಗೆ ಅದೇ ಮೂಲೆ ಶೆಲ್ಫ್ ಬೇಕು, ನಿಮ್ಮ ಸ್ವಾಗತದ ಬ್ಯಾನರ್ ಅಲ್ಲ. ಆ ಹಳೇ ವಿಳಾಸದಿಂದ ಅದಕ್ಕೆ ಅತಿ ಹತ್ತಿರದ ಪೇಜಿಗೆ 301 (ಕಾಯಂ ರೀಡೈರೆಕ್ಟ್) ಹಾಕಿದ ಮೇಲೆಯೇ ಬಂದವರು ನಿಂತರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಪಿಂಟರೆಸ್ಟನ್ನು 'ಇನ್ನೊಂದು ಸೋಷಿಯಲ್ ಮೀಡಿಯಾ' ಅಂತ ಇನ್‌ಸ್ಟಾಗ್ರಾಂ ಪಕ್ಕದಲ್ಲಿಟ್ಟು ತೂಗುತ್ತಿದ್ದೀರಿ. 2010ರಲ್ಲಿ ಶುರುವಾದ ಈ ಕಂಪನಿ ತನ್ನನ್ನು ಕರೆದುಕೊಳ್ಳುವುದೇ 'ವಿಶುವಲ್ ಡಿಸ್ಕವರಿ ಎಂಜಿನ್', ಅಂದರೆ ಚಿತ್ರಗಳ ಮೂಲಕ ಹೊಸದನ್ನು ಹುಡುಕಿಕೊಡುವ ಯಂತ್ರ ಅಂತ. 2024ರ ಹೊತ್ತಿಗೆ ತಿಂಗಳಿಗೆ 50 ಕೋಟಿಗೂ ಹೆಚ್ಚು ಜನ ಅಲ್ಲಿಗೆ ಬರುತ್ತಿದ್ದರು. ಬರುವವರಲ್ಲಿ ಹೆಚ್ಚಿನವರು ಹುಡುಕಲು ಬರುತ್ತಾರೆ, ಹರಟಲು ಅಲ್ಲ. ಹುಡುಕುವಾಗ ಬ್ರ್ಯಾಂಡಿನ ಹೆಸರು ಹಾಕುವವರು ಕಡಿಮೆ. 'ಸಣ್ಣ ಬಾಲ್ಕನಿ', 'ಓದುವ ಮೇಜು' ಇಂಥವೇ ಜಾಸ್ತಿ. ಹೆಸರಿಲ್ಲದ ಅಂಗಡಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಫಾಲೋವರ್ ಇಲ್ಲದಿದ್ದರೂ ಹುಡುಕಾಟದಲ್ಲಿ ಪಿನ್ ಸಿಗುತ್ತದೆ. 2015ರಿಂದ ಚಿತ್ರದ ಒಂದು ಭಾಗವನ್ನು ಗುರುತು ಮಾಡಿ, ಅದರಂಥದ್ದೇ ಬೇರೆ ಚಿತ್ರ ಹುಡುಕುವ ಸೌಲಭ್ಯವೂ ಇದೆ. ಹಾಗಾಗಿ ಬಿಳಿ ಹಿನ್ನೆಲೆಯ ಫೋಟೋ ಒಂದನ್ನೇ ನೆಚ್ಚಬೇಡಿ. ಕೋಣೆಯೊಳಗೆ, ಬೆಳಕು ಚೆನ್ನಾಗಿ ಬೀಳುವ ಕಡೆ, ವಸ್ತುವಿನ ಅಂಚುಗಳು ಸ್ಪಷ್ಟವಾಗಿ ಕಾಣುವಂತೆ ತೆಗೆದ ಫೋಟೋ ಹಾಕಿ.

ಮಾಡುವ ಕೆಲಸ ಹೆಚ್ಚಿಲ್ಲ. ಬಿಸಿನೆಸ್ ಖಾತೆ ಉಚಿತ. ಮೊದಲ ದಿನವೇ ವೆಬ್‌ಸೈಟನ್ನು ಕ್ಲೇಮ್ ಮಾಡಿ, ಅಂದರೆ ಅದು ನಿಮ್ಮದೇ ಅಂತ ದೃಢಪಡಿಸಿ. ಅದಕ್ಕೆ ಮೂರು ದಾರಿ: ಪೇಜಿನ ಕೋಡಿನಲ್ಲಿ ಮೆಟಾ ಟ್ಯಾಗ್, ಇಲ್ಲವೇ ಅವರು ಕೊಡುವ ಎಚ್‌ಟಿಎಂಎಲ್ ಫೈಲ್, ಇಲ್ಲವೇ ಡೊಮೇನಿನ ಸೆಟ್ಟಿಂಗ್ ಆದ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ದಾಖಲೆ. ಇದನ್ನು ಮಾಡಿದರೆ ನೀವು ಹಾಕಿದ ಪಿನ್‌ಗಳಷ್ಟೇ ಅಲ್ಲ, ನಿಮ್ಮ ಸೈಟಿನಿಂದ ಬೇರೆಯವರು ಸೇವ್ ಮಾಡಿಕೊಂಡ ಚಿತ್ರಗಳ ಲೆಕ್ಕವೂ ಕಾಣುತ್ತದೆ. ಪೇಜಿನಲ್ಲಿ ಓಪನ್ ಗ್ರಾಫ್ ಅಥವಾ ಸ್ಕೀಮಾ ಮಾಹಿತಿ (ಬೇರೆ ತಾಣಗಳು ಓದಿಕೊಳ್ಳಲೆಂದು ಕೋಡಿನಲ್ಲಿ ಬರೆದ ವಿವರ) ಸರಿಯಾಗಿದ್ದರೆ ಬೆಲೆ, ಸ್ಟಾಕ್ ಇದೆಯೋ ಇಲ್ಲವೋ ಅನ್ನುವುದು ಪಿನ್ನಿನಲ್ಲಿ ತಾನೇ ಬದಲಾಗುತ್ತದೆ.

ಚಿತ್ರದ ಅಳತೆ 2:3, ಅಂದರೆ 1000×1500 ಪಿಕ್ಸೆಲ್. ಅದಕ್ಕಿಂತ ಉದ್ದ ಮಾಡಿದರೆ ಫೀಡಿನಲ್ಲಿ ಕತ್ತರಿಸಿ ತೋರಿಸಬಹುದು. ಇನ್‌ಸ್ಟಾಗ್ರಾಂನ ಚೌಕ ಚಿತ್ರವನ್ನೇ ತಂದು ಹಾಕಿದರೆ ಪಕ್ಕದ ಉದ್ದ ಪಿನ್‌ಗಳ ನಡುವೆ ಕುಳ್ಳಗೆ ಕೂರುತ್ತದೆ. ಅಕ್ಷರಗಳನ್ನು ಮೇಲಿನ ಮೂರನೇ ಒಂದು ಭಾಗದಲ್ಲಿಡಿ. ಬಲಗಡೆ ಕೆಳಮೂಲೆಯಲ್ಲಿ ಏನೂ ಬರೆಯಬೇಡಿ, ಹುಡುಕಾಟದ ಐಕಾನ್ ಅದರ ಮೇಲೆ ಕೂರುತ್ತದೆ. ಶೀರ್ಷಿಕೆಗೆ 100 ಅಕ್ಷರ ಸಿಗುತ್ತದಾದರೂ ಫೀಡಿನಲ್ಲಿ ಕಾಣುವುದು ಮೊದಲ 40ರಷ್ಟೇ. ಆದ್ದರಿಂದ 'ನಮ್ಮ ಹೊಸ ಸಂಗ್ರಹ ಬಂದಿದೆ' ಅಂತ ಶುರುಮಾಡದೆ 'ಸಣ್ಣ ಕೋಣೆಗೆ ಮೂಲೆ ಶೆಲ್ಫ್' ಅಂತಲೇ ಶುರುಮಾಡಿ. ಲಿಂಕ್ ಚಿಕ್ಕದು ಮಾಡುವ ಸೇವೆಗಳ ಸಹವಾಸ ಬೇಡ, ಸ್ಪ್ಯಾಮ್ ಅಂತ ತಡೆಹಿಡಿಯುತ್ತಾರೆ. ಯುಟಿಎಂ (ಭೇಟಿ ಎಲ್ಲಿಂದ ಬಂತು ಅಂತ ತಿಳಿಯಲು ಲಿಂಕಿನ ಕೊನೆಗೆ ಸೇರಿಸುವ ಗುರುತು) ಮಾತ್ರ ತಪ್ಪದೆ ಹಾಕಿ. ಆ್ಯಪ್‌ನಿಂದ ಬರುವವರ ರೆಫರರ್ ಎಷ್ಟೋ ಸಲ ಕಳೆದುಹೋಗಿ 'ಡೈರೆಕ್ಟ್' ಲೆಕ್ಕಕ್ಕೆ ಸೇರಿಬಿಡುತ್ತದೆ.

ಸೀಸನ್ ವಸ್ತುಗಳಾದರೆ ಕನಿಷ್ಠ 30ರಿಂದ 45 ದಿನ ಮುಂಚೆ ಹಾಕಿ. ಯಾವ ಹುಡುಕಾಟ ಯಾವಾಗ ಏರುತ್ತದೆ ಅಂತ ತೋರಿಸುವ ಪಿಂಟರೆಸ್ಟ್ ಟ್ರೆಂಡ್ಸ್‌ನಲ್ಲಿ ಹೋದ ವರ್ಷದ ಗೆರೆ ಎಲ್ಲಿ ಏರಲು ಶುರುವಾಯಿತು ಅಂತ ನೋಡಿ, ಅದಕ್ಕೂ ಮೊದಲೇ ಪಿನ್ ಇರಲಿ. ಗೆರೆ ತುದಿ ಮುಟ್ಟಿದಾಗ ಹಾಕಿದ್ದು ತಡವಾಗಿ ಬಂದ ಆಮಂತ್ರಣ ಪತ್ರಿಕೆ. ಸೀಸನ್ ಪೇಜಿನ ವಿಳಾಸದಲ್ಲಿ ಇಸವಿ ಸೇರಿಸಬೇಡಿ. ಒಂದೇ ವಿಳಾಸವನ್ನು ಪ್ರತಿ ವರ್ಷ ಬಳಸಿ, ಒಳಗಿನ ಸರಕನ್ನು ಬದಲಿಸಿ.

ಲೆಕ್ಕ ನೋಡುವಾಗ ಇಂಪ್ರೆಷನ್ (ಪಿನ್ ಎಷ್ಟು ಸಲ ತೆರೆಯ ಮೇಲೆ ಬಂತು ಅನ್ನುವ ಸಂಖ್ಯೆ) ನಂಬಬೇಡಿ. ಮೊದಲು ಏರುವುದು ಸೇವ್. ಪಿನ್ ಒತ್ತಿ ನಿಮ್ಮ ಸೈಟಿಗೆ ಹೊರಹೋಗುವ ಕ್ಲಿಕ್ ಅದರ ಹಿಂದೆ, ವಾರಗಳ ನಂತರ ಬರುತ್ತದೆ. ಕನಿಷ್ಠ ಮೂರು ತಿಂಗಳ ಗಡುವು ಇಟ್ಟುಕೊಳ್ಳಿ. ನನ್ನ ಮಟ್ಟಿಗೆ ಆರು ತಿಂಗಳೇ ಸರಿ.

ಎಲ್ಲರಿಗೂ ಬೇಕೇ ಅಂದರೆ, ಇಲ್ಲ. ಒಂದು ದಿನದಲ್ಲಿ ಮುಗಿಯುವ ಆಫರ್, ಸುದ್ದಿ, ಕಣ್ಣಿಗೆ ಕಾಣದ ಸೇವೆ ಇಂಥವುಗಳಿಗೆ ಇಲ್ಲಿ ದುಡಿಯುವುದು ದಂಡ. ಆದರೆ ಅಂಥವರೂ ತಿಂಗಳಿಗೊಂದು ಗಂಟೆ ಬೋರ್ಡುಗಳ ಹೆಸರು ಓದಲಿ. ನಾವು 'ಮಾಡ್ಯುಲರ್ ಸ್ಟೋರೇಜ್' ಅಂತ ಮಾರುತ್ತಿದ್ದುದನ್ನು ಜನ 'ಪುಸ್ತಕ ಇಡೋ ಮೂಲೆ' ಎಂಬ ಬೋರ್ಡಿಗೆ ಹಾಕಿಕೊಂಡಿದ್ದರು. ಪೇಜಿನ ಶೀರ್ಷಿಕೆಯನ್ನು ಅದಕ್ಕೇ ಬದಲಿಸಿದೆವು.

ನೀವು ಖಾತೆ ತೆರೆಯುವ ಮುಂಚೆ ಸರ್ವರ್ ಲಾಗಿನ 404 ಪಟ್ಟಿ ತೆಗೆಸಿ, ರೆಫರರ್‌ನಲ್ಲಿ ಪಿಂಟರೆಸ್ಟ್ ಇರುವ ಸಾಲುಗಳನ್ನು ಸೋಸಿ ನೋಡಿ. ನೀವು ಒಂದೂ ಪಿನ್ ಹಾಕಿರದಿದ್ದರೂ ನಿಮ್ಮ ಹಳೇ ಪೇಜುಗಳನ್ನು ಯಾರೋ ಈಗಾಗಲೇ ಸೇವ್ ಮಾಡಿಕೊಂಡಿರಬಹುದು. ಸಿಕ್ಕರೆ ಮೊದಲು ಅವಕ್ಕೆ 301 ಹಾಕಿಸಿ, ಪಿನ್ ಆಮೇಲೆ.